ನಮ್ಮೂರ ನೀರಿನಲ್ಲಿ ಗಿಡದ ಅಕ್ವೇರಿಯಂ: ಪಾಚಿ ಕಟ್ಟದಂತೆ ನೋಡಿಕೊಳ್ಳುವ ಕ್ರಮ

ಹುಬ್ಬಳ್ಳಿ-ಧಾರವಾಡದ ಗೆಳೆಯರಿಂದ ನನ್ನ ಫೋನಿಗೆ ಬರುವ ಫೋಟೋಗಳಲ್ಲಿ ಅರ್ಧ ಒಂದೇ ಥರ ಇರುತ್ತವೆ. ಹಸಿರುಗಟ್ಟಿದ ಗಾಜು, ಅದರ ಹಿಂದೆ ಮಸುಕಾಗಿ ಎರಡು ಮೀನು. ಕೆಳಗೆ ಒಂದೇ ಪ್ರಶ್ನೆ: "ಪಾಚಿ ಹೋಗಾಕ ಏನ್ ಹಾಕ್ಬೇಕ್ರಿ?"

ಸದ್ಯಕ್ಕೆ ಏನೂ ಹಾಕಬೇಡಿ. ಕೆಲಸ ಶುರುವಾಗಬೇಕಾದದ್ದು ನೀರಿನಿಂದ. ಆಮೇಲೆ ಬೆಳಕು, ಆಮೇಲೆ ಗಿಡದ ಊಟ. ಪಾಚಿ ಕೀಳುವುದು ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನವರು ಈ ಕೊನೆಯದರಿಂದ ಶುರು ಮಾಡುತ್ತಾರೆ, ಹದಿನೈದು ದಿನಕ್ಕೆ ಪಾಚಿ ವಾಪಸ್ ಬರುತ್ತದೆ.

ಕೆಳಗಿನ ಅಳತೆಗಳೆಲ್ಲ ಸಾಮಾನ್ಯ ಎರಡು ಅಡಿ ಟ್ಯಾಂಕಿಗೆ. ನಿಮ್ಮದು ಎಷ್ಟು ಲೀಟರ್ ಎಂದು ತಿಳಿಯಲು ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಅಳೆದು ಗುಣಿಸಿ, 61ರಿಂದ ಭಾಗಿಸಿ. 24×12×12 ಟ್ಯಾಂಕಿಗೆ ಸುಮಾರು 57 ಲೀಟರ್ ಬರುತ್ತದೆ. ಉಸುಕು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಒಳಗಿರುವ ನೀರು 45 ಲೀಟರ್ ಅಷ್ಟೇ. ಔಷಧಿ, ಗೊಬ್ಬರ ಎಲ್ಲಕ್ಕೂ ಈ 45ನ್ನೇ ಲೆಕ್ಕಕ್ಕೆ ಹಿಡಿಯಿರಿ.

## ಮೊದಲು ಕೈಗೆ ಬೇಕಾದದ್ದು

ಟಿಡಿಎಸ್ ಪೆನ್ನು, ಅಂದರೆ ನೀರಿನಲ್ಲಿ ಒಟ್ಟು ಎಷ್ಟು ಉಪ್ಪು, ಸುಣ್ಣ ಕರಗಿದೆ ಎಂದು ತೋರಿಸುವ ಪೆನ್ನು. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡುವ ಹನಿ ಹಾಕುವ ಟೆಸ್ಟ್ ಕಿಟ್. ಪಟ್ಟಿ ಅದ್ದುವ ಕಿಟ್ ಅಗ್ಗ, ಆದರೆ ಅದರ ಬಣ್ಣ ನೋಡಿ ಮನೆಯ ನಾಲ್ಕು ಜನ ನಾಲ್ಕು ಉತ್ತರ ಹೇಳುತ್ತಾರೆ. ಲೈಟಿಗೆ ಒಂದು ಟೈಮರ್ ಪ್ಲಗ್. ಆರು ಅಡಿ ಪಾರದರ್ಶಕ ಪೈಪು. ಹಳೆಯ ಹಲ್ಲುಜ್ಜುವ ಬ್ರಷ್. ಮೀನಿಗಷ್ಟೇ ಮೀಸಲಾದ ಎರಡು ಬಕೆಟ್. ಇವಕ್ಕೆ ಸೋಪು, ಫಿನಾಯಿಲ್ ಯಾವತ್ತೂ ತಾಗಬಾರದು. ಬಕೆಟ್ ಮೇಲೆ ಪೇಂಟಿನಿಂದ ಮೀನಿನ ಚಿತ್ರ ಬರೆದಿಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಒಂದಿನ ಅದರಲ್ಲೇ ನೆಲ ಒರೆಸುತ್ತಾರೆ.

## ಹಂತ 1: ನಿಮ್ಮ ನೀರು ಯಾವುದು, ಗುರುತಿಸಿ

ಅವಳಿ ನಗರಕ್ಕೆ ಮುಖ್ಯವಾಗಿ ಮಲಪ್ರಭೆಯ ನೀರು ಬರುತ್ತದೆ, ಸವದತ್ತಿ ಹತ್ತಿರದ ರೇಣುಕಾಸಾಗರದಿಂದ. ಆದರೆ ನಿಮ್ಮ ಬಕೆಟ್ಟಿನಲ್ಲಿ ಇರುವುದು ಅದೇ ಎಂದು ಹೇಳುವಂತಿಲ್ಲ. ನಳದ ನೀರು ಸಂಪಿಗೆ ಇಳಿಯುತ್ತದೆ, ಸಾಲದಿದ್ದರೆ ಅದೇ ಸಂಪಿಗೆ ಬೋರಿನ ನೀರು, ಇಲ್ಲವೇ ಟ್ಯಾಂಕರ್ ನೀರು ಸೇರುತ್ತದೆ. ಹೋದ ವಾರ ಬದಲಾಯಿಸಿದ ನೀರು ಒಂದು, ಈ ವಾರದ್ದು ಇನ್ನೊಂದು. ಗಿಡ, ಮೀನು ಎರಡಕ್ಕೂ ಇದು ದೊಡ್ಡ ಪೆಟ್ಟು.

ಅದಕ್ಕೇ ನಳದ ನೀರು, ಬೋರಿನ ನೀರು, ಸಂಪಿನ ನೀರು ಮೂರನ್ನೂ ಬೇರೆ ಬೇರೆ ಲೋಟದಲ್ಲಿ ಹಿಡಿದು ಟಿಡಿಎಸ್, ಪಿಎಚ್ ನೋಡಿ ಬರೆದಿಡಿ. ಗಿಡದ ಟ್ಯಾಂಕಿಗೆ 150ರಿಂದ 350ರವರೆಗಿನ ಟಿಡಿಎಸ್ ಆರಾಮಾಗಿ ನಡೆಯುತ್ತದೆ. ಬೋರು ಸವಳಾಗಿದ್ದರೆ ಪೆನ್ನು ಬೇಕೇ ಇಲ್ಲ, ಹಂಡೆಯ ಒಳಗೆ ಕಟ್ಟಿದ ಬಿಳಿ ಪದರವೇ ಹೇಳುತ್ತದೆ. ಗದಗ ಕಡೆ ಬೋರಿನ ನೀರನ್ನೇ ನಂಬಿದವರಿಗೆ ಇದು ಹೊಸ ಮಾತಲ್ಲ.

ಸವಳು ನೀರನ್ನು ಬಿಟ್ಟೇಬಿಡಬೇಕಿಲ್ಲ, ಬೆರೆಸಿ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದಲ್ಲಿ ಸಿಗುವುದು ಸಾಮಾನ್ಯವಾಗಿ ಆರ್‌ಓ ನೀರು, ಅಂದರೆ ಕರಗಿದ ಉಪ್ಪನ್ನು ಯಂತ್ರದಲ್ಲಿ ಸೋಸಿ ತೆಗೆದ ನೀರು. ಬೋರಿನ ಟಿಡಿಎಸ್ 1000, ಆರ್‌ಓದ್ದು 50 ಎಂದಿಟ್ಟುಕೊಳ್ಳಿ. ಒಂದು ಪಾಲು ಬೋರು, ಮೂರು ಪಾಲು ಆರ್‌ಓ ಬೆರೆಸಿದರೆ ಸುಮಾರು 290 ಬರುತ್ತದೆ. ಇದು ಸಾಕು.

ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಬರೀ ಆರ್‌ಓ ನೀರು ತುಂಬುವುದು. ಅದರಲ್ಲಿ ಸುಣ್ಣದ ಅಂಶ ಹೆಚ್ಚುಕಡಿಮೆ ಇಲ್ಲದ್ದರಿಂದ ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿ ಇರುವುದಿಲ್ಲ, ಒಂದಿನ ದಡಕ್ಕನೆ ಕುಸಿಯುತ್ತದೆ. ಎರಡು, ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು "ಸುಮ್ನೆ ಯಾಕೆ ಹಾಳು" ಎಂದು ಟ್ಯಾಂಕಿಗೆ ಸುರಿಯುವುದು. ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದಲ್ವಾ?

## ಹಂತ 2: ಮೀನಿನ ನೀರಿಗೆ ಬೇರೆ ಡ್ರಮ್ ಇಡಿ

ನಮ್ಮ ಕಡೆಯ ಟ್ಯಾಂಕುಗಳು ಕೆಡಲು ನಾನು ಕಂಡ ದೊಡ್ಡ ಕಾರಣ ಇದು. ಎಷ್ಟೋ ದಿನ ಕಾದ ಮೇಲೆ ನಳಕ್ಕೆ ನೀರು ಬರುತ್ತದೆ. ಬಂದ ದಿನ ಮನೆಯ ಪಾತ್ರೆ, ಕೊಡ, ಬ್ಯಾರಲ್ ಎಲ್ಲ ತುಂಬುವ ಗಡಿಬಿಡಿ. ಅದೇ ಹುರುಪಿನಲ್ಲಿ ಟ್ಯಾಂಕಿನ ಮುಕ್ಕಾಲು ನೀರು ಚೆಲ್ಲಿ, ಪೈಪನ್ನು ನೇರವಾಗಿ ಒಳಗೆ ಬಿಡುತ್ತೇವೆ. ಕ್ಲೋರಿನ್ ತಾಜಾ ಇರುವ ನೀರು ಅದು.

50 ಲೀಟರಿನ ಒಂದು ಡ್ರಮ್ ತಂದು ಮೀನಿಗಾಗಿ ಬೇರೆ ಇಡಿ. ನೀರು ಬಂದ ದಿನ ಡ್ರಮ್ ತುಂಬಿ, ಟ್ಯಾಂಕ್ ಮುಟ್ಟಬೇಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ಎರಡು ದಿನ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಒಳಗೆ ಗಾಳಿಗುಳ್ಳೆಯ ಕಲ್ಲು ಬಿಟ್ಟರೆ ಇನ್ನೂ ಬೇಗ. ಮುಚ್ಚಿದ ಸಂಪಿನಲ್ಲಿ ಕ್ಲೋರಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿ ಹಾಕಿದ ಸಂಪಾದರೆ ಕೇಳಲೇಬೇಡಿ.

ಅವಸರವಿದ್ದರೆ ಆಂಟಿ-ಕ್ಲೋರಿನ್ ಇದೆ. ಫೋಟೋ ಸ್ಟುಡಿಯೋದವರು ಹೈಪೋ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟ್ ಹರಳೇ ಅದರ ಮೂಲ. 10 ಗ್ರಾಂ ಹರಳನ್ನು 100 ಮಿಲೀ ನೀರಿನಲ್ಲಿ ಕರಗಿಸಿಟ್ಟುಕೊಂಡರೆ, 20 ಲೀಟರಿನ ಒಂದು ಬಕೆಟ್ಟಿಗೆ 3 ಮಿಲೀ ಸಾಕು. ಬಕೆಟ್ಟಿಗೆ ಹಾಕಿ, ಕೈಯಾಡಿಸಿ, ಆಮೇಲೆ ಟ್ಯಾಂಕಿಗೆ. ಮೊದಲು ನೀರು ಸುರಿದು ಆಮೇಲೆ ಔಷಧಿ ಹಾಕುವ ಕ್ರಮ ಬೇಡ.

ಮಳೆಗಾಲದಲ್ಲಿ ಕೆಂಪು ನೀರು ಬಂದರೆ ಡ್ರಮ್‌ನಲ್ಲೇ ಒಂದು ದಿನ ತಿಳಿಯಾಗಲು ಬಿಡಿ. ಪಟಕ ತಿರುಗಿಸುವ ಅಭ್ಯಾಸ ಮೀನಿನ ನೀರಿಗೆ ಬೇಡ, ಅದು ಪಿಎಚ್ ಇಳಿಸುತ್ತದೆ.

## ಹಂತ 3: ಉಸುಕು, ಕಲ್ಲು, ಗಿಡ

ಹೊಲದ ಎರೆಮಣ್ಣು ತಂದು ಹಾಕಬೇಡಿ. ಬೆಳೆಗೆ ಅದು ಬಂಗಾರ, ನೀರಿನಲ್ಲಿ ಮಾತ್ರ ಕೆಸರು. ಉಬ್ಬುತ್ತದೆ, ಕದಡುತ್ತದೆ, ಬೆರಳಿಟ್ಟರೆ ಮೂರು ದಿನ ತಿಳಿಯಾಗುವುದಿಲ್ಲ. ಹೊಳೆಯ ದಪ್ಪ ಉಸುಕನ್ನು ತಿಳಿ ನೀರು ಬರುವವರೆಗೆ ಹತ್ತು ಸಲ ತೊಳೆದು ಎರಡು ಇಂಚು ಹಾಸಿ.

ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ನಮ್ಮ ಗಡಸು ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಅಂಥದ್ದು ಬೇಡ.

ಗಿಡವನ್ನು ಮೊದಲ ದಿನವೇ ಜಾಸ್ತಿ ನೆಡಿ. ನೆಲದ ಮುಕ್ಕಾಲು ಭಾಗ ಮುಚ್ಚಬೇಕು. ಎರಡು ಗಿಡ ನೆಟ್ಟು "ಹಬ್ಬಲಿ ನೋಡೋಣ" ಎಂದು ಕಾದರೆ, ಹಬ್ಬುವುದು ಪಾಚಿ. ಹೈಗ್ರೋಫಿಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಬೇಗ ಬೆಳೆಯುತ್ತವೆ, ಗಡಸು ನೀರಿಗೂ ಜಗ್ಗುವುದಿಲ್ಲ. ಜಾವಾ ಫರ್ನ್, ಅನೂಬಿಯಾಸ್ ಗಟ್ಟಿಮುಟ್ಟು, ಆದರೆ ನಿಧಾನ. ಅವುಗಳ ದಪ್ಪ ಕಾಂಡವನ್ನು ಉಸುಕಿನಲ್ಲಿ ಹೂಳಿದರೆ ಕೊಳೆಯುತ್ತದೆ. ಕಟ್ಟಿಗೆಗೋ ಕಲ್ಲಿಗೋ ದಾರದಿಂದ ಕಟ್ಟಿ.

ಉಣಕಲ್ ಕೆರೆಯಿಂದ ಗಿಡ ಕಿತ್ತು ತರುವ ಆಸೆ ಬೇಡ. ಜೊತೆಗೆ ಜಿಗಣೆ ಬರುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಬರುತ್ತದೆ. ಆ ಮರಿ ಸಣ್ಣ ಮೀನನ್ನೇ ತಿನ್ನುತ್ತದೆ.

## ಹಂತ 4: ಮೀನು ಬಿಡುವ ಮುಂಚಿನ ಆರು ವಾರ

"ಏನೂ ಆಗಂಗಿಲ್ರಿ, ಇವತ್ತ ಮೀನ ಬಿಡ್ರಿ" ಎನ್ನುವ ಅಂಗಡಿಯಿಂದ ಬರೀ ಗಿಡ ತನ್ನಿ.

ಮೀನಿನ ಹೊಲಸು, ಉಳಿದ ಕಾಳು ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ವಿಷ. ಮೂರನೆಯದು ಗಿಡದ ಊಟ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಉಸುಕಿನಲ್ಲಿ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಫಿಲ್ಟರ್ ಓಡಿಸುತ್ತ ದಿನಕ್ಕೊಂದು ಚಿಟಿಕೆ ಮೀನಿನ ಕಾಳು ಹಾಕುತ್ತ ಹೋಗಿ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಕಾಣಿಸಿದ ದಿನ ಟ್ಯಾಂಕ್ ತಯಾರು. ಗೆಳೆಯರ ಹಳೆಯ ಟ್ಯಾಂಕಿನ ಸ್ಪಂಜು ಸಿಕ್ಕರೆ ಕಾಯುವ ದಿನ ಕಡಿಮೆಯಾಗುತ್ತದೆ.

ನಮ್ಮ ಗಡಸು ನೀರಿನಲ್ಲಿ ಪಿಎಚ್ ಹೆಚ್ಚಿರುವುದರಿಂದ ಅಮೋನಿಯಾ ಇನ್ನೂ ಅಪಾಯ. ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ವಿಷದ ರೂಪದಲ್ಲಿರುತ್ತದೆ. 28 ಡಿಗ್ರಿ ಬಿಸಿಯಲ್ಲಿ ಪಿಎಚ್ 8.2 ಆದರೆ ಅದು ಹತ್ತು ಪಾಲಿನಷ್ಟಾಗುತ್ತದೆ. ಕಿಟ್‌ನ ಬಣ್ಣ ಎರಡೂ ಕಡೆ ಒಂದೇ ತೋರಿಸುತ್ತದೆ, ಮೀನು ಮಾತ್ರ ಒಂದು ಕಡೆ ಸಾಯುತ್ತದೆ.

ಮೊದಲಿಗೆ ಐದಾರು ಗಪ್ಪಿ ಅಥವಾ ಪ್ಲಾಟಿ ಸಾಕು. ಇವಕ್ಕೆ ಗಡಸು ನೀರೇ ಇಷ್ಟ.

## ಹಂತ 5: ಬೆಳಕಿಗೆ ಟೈಮರ್

ಮೊದಲ ತಿಂಗಳು ದಿನಕ್ಕೆ ಆರು ತಾಸು. ಆಮೇಲೆ ಏಳು, ಹೆಚ್ಚೆಂದರೆ ಎಂಟು. ಬೆಳಿಗ್ಗೆ ಎದ್ದಾಗ ಹಾಕಿ ಮಲಗುವಾಗ ಆರಿಸುವ ಮನೆಗಳಲ್ಲಿ ಹದಿನಾಲ್ಕು ತಾಸು ಆಗುತ್ತದೆ. ಪಾಚಿಗೆ ಇದು ಹಬ್ಬ.

ಮನೆಯಲ್ಲಿ ಇರುವ ಹೊತ್ತಿಗೆ ಹೊಂದಿಸಿ, ಸಂಜೆ ನಾಲ್ಕರಿಂದ ರಾತ್ರಿ ಹತ್ತು ಅಂತಿಟ್ಟುಕೊಳ್ಳಿ. ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳಬಾರದು. ಚಳಿಗಾಲದಲ್ಲಿ ಬಿಸಿಲಿನ ಕೋನ ಬದಲಾಗುತ್ತದೆ. ದೀಪಾವಳಿವರೆಗೆ ನೆರಳಿದ್ದ ಗೋಡೆಗೆ ಡಿಸೆಂಬರಿನಲ್ಲಿ ಬೆಳಗಿನ ಬಿಸಿಲು ಬರಬಹುದು. ಒಮ್ಮೆ ಹೋಗಿ ನೋಡಿ.

## ಹಂತ 6: ಗಿಡದ ಊಟ ಗೊಬ್ಬರದ ಅಂಗಡಿಯಲ್ಲಿದೆ

ಗಿಡ ಹಸಿದರೆ ಎಲೆ ಕೊಳೆಯುತ್ತದೆ, ಕೊಳೆತ ಎಲೆಯ ಮೇಲೆ ಪಾಚಿ ಕೂರುತ್ತದೆ. "ಗೊಬ್ಬರ ಹಾಕಿದರೆ ಪಾಚಿ ಬರುತ್ತದೆ" ಎಂದು ಹೆದರಿ ಏನೂ ಹಾಕದವರ ಟ್ಯಾಂಕಿನಲ್ಲೂ ಪಾಚಿಯನ್ನು ಬೇಕಾದಷ್ಟು ನೋಡಿದ್ದೇನೆ.

ಬಣ್ಣದ ಬಾಟಲಿಗೆ ದುಡ್ಡು ಸುರಿಯಬೇಕಿಲ್ಲ. ರೈತರು ಹನಿ ನೀರಾವರಿಗೆ, ಸಿಂಪರಣೆಗೆ ಬಳಸುವ ನೀರಲ್ಲಿ ಕರಗುವ ಗೊಬ್ಬರವೇ ಸಾಕು. 13:0:45 ಎಂದರೆ ಪೊಟ್ಯಾಸಿಯಂ ನೈಟ್ರೇಟ್. 0:52:34 ಎಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್.

ಅರ್ಧ ಲೀಟರ್ ಆರ್‌ಓ ನೀರಿನಲ್ಲಿ 40 ಗ್ರಾಂ 13:0:45 ಕರಗಿಸಿ. ಇನ್ನೊಂದು ಅರ್ಧ ಲೀಟರಿನಲ್ಲಿ 4 ಗ್ರಾಂ 0:52:34. ಎರಡರಿಂದಲೂ ವಾರಕ್ಕೆ 5 ಮಿಲೀ ಹಾಕಿದರೆ 45 ಲೀಟರಿನಲ್ಲಿ ನೈಟ್ರೇಟ್ ಸುಮಾರು 5 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.6 ಪಿಪಿಎಂ ಏರುತ್ತದೆ. ಕಬ್ಬಿಣ ಮತ್ತು ಉಳಿದ ಸಣ್ಣ ಪೋಷಕಾಂಶಗಳಿಗೆ ಮಾತ್ರ ಅಕ್ವೇರಿಯಂ ಬಾಟಲಿ ತಗೊಳ್ಳಿ, ಅದರ ಮೇಲೆ ಬರೆದದ್ದರ ಅರ್ಧ ಅಳತೆಯಿಂದ ಶುರು ಮಾಡಿ. ನೈಟ್ರೇಟ್ 10ರಿಂದ 20ರ ಒಳಗಿದ್ದರೆ ಒಳ್ಳೆಯದು. ಮೀನು ಜಾಸ್ತಿ ಇದ್ದು ಆಗಲೇ 30 ದಾಟಿದ್ದರೆ 13:0:45ರ ಬಾಟಲಿ ಮುಟ್ಟಬೇಡಿ.

ಅಂಗಡಿಯಲ್ಲಿ 13:0:45 ಇಲ್ಲ ಎಂದು 19:19:19 ಕೊಟ್ಟರೆ ವಾಪಸ್ ಕೊಡಿ. ಅದರಲ್ಲಿ ಯೂರಿಯಾ, ಅಮೋನಿಯಾ ರೂಪದ ಸಾರಜನಕ ಇರುತ್ತದೆ. ಬರೀ ಯೂರಿಯಾ ಅಂತೂ ದೂರವೇ ಇರಲಿ.

## ಹಂತ 7: ವಾರದ ಕೆಲಸ, ಇದೇ ಕ್ರಮದಲ್ಲಿ

1. ಫಿಲ್ಟರ್, ಲೈಟಿನ ಪ್ಲಗ್ ತೆಗೆಯಿರಿ. ಒದ್ದೆ ಕೈ, ಕರೆಂಟು ಎರಡೂ ಒಟ್ಟಿಗಿರಬಾರದು.

2. ಗಾಜು ಉಜ್ಜಿ. ಹಳದಿಯಾದ ಎಲೆ, ಪಾಚಿ ಹತ್ತಿದ ಎಲೆಯನ್ನು ಬುಡದಿಂದ ಕತ್ತರಿಸಿ. ಆ ಎಲೆ ಮತ್ತೆ ಚೆನ್ನಾಗುವುದಿಲ್ಲ, ಕನಿಕರ ಬೇಡ.

3. ಆಮೇಲೆ ಪೈಪಿನಿಂದ ಕಾಲು ಭಾಗ ನೀರು ಎಳೆಯಿರಿ. ಉಜ್ಜಿದ ಪಾಚಿಯೂ ಅದರ ಜೊತೆ ಬರುತ್ತದೆ. ಮೊದಲು ನೀರು ತೆಗೆದು ಆಮೇಲೆ ಗಾಜು ಉಜ್ಜಿದರೆ ಅಷ್ಟೂ ಒಳಗೇ ಉಳಿಯುತ್ತದೆ.

4. ಸ್ಪಂಜು ಹಿಂಡುವುದು ತಿಂಗಳಿಗೊಮ್ಮೆ, ಅದೂ ಈಗ ತೆಗೆದ ಟ್ಯಾಂಕಿನ ನೀರಿನಲ್ಲೇ.

5. ಡ್ರಮ್ಮಿನ ನೀರನ್ನು ತಂಬಿಗೆಯಿಂದ ನಿಧಾನಕ್ಕೆ ತುಂಬಿ, ಕೊನೆಗೆ ಗೊಬ್ಬರ.

ನಾಲ್ಕನೆಯದನ್ನು ನಾನು ಕಲಿತದ್ದು ಮೀನು ಕಳೆದುಕೊಂಡು. ನೀರು ಬಂದ ದಿನ ಖುಷಿಯಲ್ಲಿ ಸ್ಪಂಜನ್ನು ನಳದ ಕೆಳಗೆ ಹಿಡಿದು, ಬಿಳಿ ನೀರು ಬರುವವರೆಗೆ ಹಿಂಡಿ ಹಿಂಡಿ ತೊಳೆದೆ. ಹೊಸದರಂತೆ ಹೊಳೆಯಿತು. ಮೂರನೇ ದಿನ ಬೆಳಿಗ್ಗೆ ಟ್ಯಾಂಕು ಅಕ್ಕಿ ತೊಳೆದ ನೀರಿನಂತಾಗಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಕಿಟ್‌ನ ಹನಿ ಹಾಕಿದೆ. ಹಳದಿ ಇರಬೇಕಾದ ನೀರು ಕೊಳವೆಯಲ್ಲಿ ಹಸಿರಾಯಿತು. ಅಮೋನಿಯಾ. ಡ್ರಮ್ಮಿನಲ್ಲಿ ನೀರು ಖಾಲಿ, ಮತ್ತೆ ನಳಕ್ಕೆ ನೀರು ಬರುವುದು ಯಾವಾಗಲೋ. ಪಕ್ಕದ ಮನೆಯಿಂದ ಎರಡು ಕ್ಯಾನ್ ತಂದು ಬದಲಾಯಿಸುವಷ್ಟರಲ್ಲಿ ನಾಲ್ಕು ಟೆಟ್ರಾ ಹೋದವು. ಅವತ್ತಿನಿಂದ ನನ್ನ ಡ್ರಮ್ ಯಾವತ್ತೂ ಅರ್ಧಕ್ಕಿಂತ ಕೆಳಗೆ ಇಳಿದಿಲ್ಲ.

## ಹಂತ 8: ಪಾಚಿ ಯಾವುದೆಂದು ನೋಡಿ, ಆಮೇಲೆ ಕೈ ಹಾಕಿ

ಕಂದು ಪುಡಿ. ಹೊಸ ಟ್ಯಾಂಕಿನ ಮೊದಲ ಒಂದೆರಡು ತಿಂಗಳು. ಬೆರಳಿಗೆ ಹತ್ತಿದರೆ ಹಿಟ್ಟಿನಂತೆ ಒರೆಸಿಹೋಗುತ್ತದೆ. ಒರೆಸುತ್ತಾ ಇರಿ, ತಾನೇ ನಿಲ್ಲುತ್ತದೆ. ಇದಕ್ಕೆ ಔಷಧಿ ಕೊಂಡವರ ದುಡ್ಡು ದಂಡ.

ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕೆ. ಬಟ್ಟೆಗೆ ಹೋಗುವುದಿಲ್ಲ. ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಬೆಳಕು ಜಾಸ್ತಿ, ಫಾಸ್ಫೇಟ್ ಕಡಿಮೆ ಇದ್ದಾಗ ಬರುತ್ತದೆ. 0:52:34ರ ಅಳತೆಯನ್ನು ಸ್ವಲ್ಪ ಏರಿಸಿ, ಒಂದು ತಾಸು ಬೆಳಕು ಇಳಿಸಿ.

ಕೂದಲು ಪಾಚಿ. ಬ್ರಷ್ ಒಳಗಿಟ್ಟು ಶಾವಿಗೆ ಸುತ್ತಿದಂತೆ ಸುತ್ತಿ ಎಳೆಯಿರಿ. ಬೆಳಕು ಆರು ತಾಸಿಗೆ ಇಳಿಸಿ, ಬೇಗ ಬೆಳೆಯುವ ಗಿಡ ಇನ್ನಷ್ಟು ನೆಡಿ.

ಹಸಿರು ನೀರು. ನೀರೇ ಪಾಲಕ್ ಸಾರಿನಂತಾಗಿದ್ದರೆ ಕಾರಣ ಹೆಚ್ಚಾಗಿ ಕಿಟಕಿಯ ಬಿಸಿಲು. ಬರೀ ನೀರು ಬದಲಾಯಿಸಿದರೆ ಹೋಗುವುದಿಲ್ಲ, ಮೂರು ದಿನಕ್ಕೆ ಮತ್ತೆ ಹಸಿರು. ಲೈಟ್ ಆರಿಸಿ, ಟ್ಯಾಂಕಿಗೆ ನಾಲ್ಕು ದಿನ ದಪ್ಪ ಕೌದಿ ಸುತ್ತಿ. ಗಾಳಿ ಪಂಪ್ ಓಡುತ್ತಿರಲಿ, ಕಾಳು ಬೇಡ. ಕೌದಿ ತೆಗೆದ ದಿನ ಅರ್ಧ ನೀರು ಬದಲಾಯಿಸಿ. ಸತ್ತ ಪಾಚಿ ಕೊಳೆತು ಅಮೋನಿಯಾ ಏರಿರುತ್ತದೆ.

ನೀಲಿ-ಹಸಿರು ಲೋಳೆ ಹಾಳೆ. ಹಾಲಿನ ಕೆನೆಯಂತೆ ಎತ್ತಿದರೆ ಹಾಳೆಯಾಗಿ ಬರುತ್ತದೆ, ಕೊಳಕು ಮಣ್ಣಿನ ವಾಸನೆ. ಇದು ಪಾಚಿಯಲ್ಲ, ಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಯಲ್ಲಿ, ನೈಟ್ರೇಟ್ ಸೊನ್ನೆ ಇದ್ದಾಗ ಹೆಚ್ಚು. ಪೈಪಿನಿಂದ ಎಳೆದು ತೆಗೆಯಿರಿ, ಫಿಲ್ಟರಿನ ಬಾಯಿಯನ್ನು ಆ ಮೂಲೆಗೆ ತಿರುಗಿಸಿ, ಮೂರು ದಿನ ಕೌದಿ ಕತ್ತಲು. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆ ಹಾಕುವವರಿದ್ದಾರೆ. ನಿಮ್ಮ ಸ್ಪಂಜಿನಲ್ಲಿರುವುದೂ ಬ್ಯಾಕ್ಟೀರಿಯಾವೇ ಎನ್ನುವುದು ನೆನಪಿರಲಿ.

ಕಪ್ಪು ಗಡ್ಡ. ಇದು ಎಲ್ಲಕ್ಕಿಂತ ಹಟಮಾರಿ. ಅನೂಬಿಯಾಸ್ ಎಲೆಯ ಅಂಚಿಗೆ, ಫಿಲ್ಟರ್ ಪೈಪಿಗೆ ಕಪ್ಪು ಕುಚ್ಚಿನಂತೆ ಅಂಟುತ್ತದೆ, ಎಳೆದರೆ ಎಲೆಯೇ ಹರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಒಂದಿನ ಜಾಸ್ತಿ ಒಂದಿನ ಕಡಿಮೆ ಆಗುವ ಟ್ಯಾಂಕುಗಳಲ್ಲಿ ಹೆಚ್ಚು. ಗಿಡಕ್ಕಾಗಿ ಈ ಅನಿಲದ ಸಿಲಿಂಡರ್ ಇಟ್ಟವರು ಅದನ್ನು ಲೈಟಿಗಿಂತ ಒಂದು ತಾಸು ಮೊದಲೇ ಶುರುವಾಗುವಂತೆ ಟೈಮರಿಗೆ ಹಾಕಿ. ಇಲ್ಲದವರು ಬೆಳಕು ಕಡಿಮೆ ಮಾಡಿ, ಹತ್ತಿದ ಎಲೆ ಕತ್ತರಿಸಿ.

ಉಳಿದದ್ದಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಬಾಟಲಿಯ ಚೀಟಿ ಓದಿ: ಔಷಧಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಶೇ 6ರದ್ದು, ಪಾಚಿಗೆ ಬೇಕಾದದ್ದು ಶೇ 3. ಅಷ್ಟೇ ನೀರು ಬೆರೆಸಿ. 45 ಲೀಟರಿಗೆ ಬೆರೆಸಿದ್ದು 15 ಮಿಲೀ ದಾಟಬಾರದು. ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಿಂದ ನೇರವಾಗಿ ಕುಚ್ಚಿನ ಮೇಲೆ ನಿಧಾನಕ್ಕೆ ಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಹದಿನೈದು ನಿಮಿಷಕ್ಕೆ ಫಿಲ್ಟರ್ ಶುರು ಮಾಡಿ. ಒಂದೆರಡು ದಿನದಲ್ಲಿ ಕಪ್ಪು ಕುಚ್ಚು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ ಎಂದರ್ಥ. ಪಾಚಿಯಂತಿರುವ ಮಾಸ್ ಗಿಡ, ವ್ಯಾಲಿಸ್ನೇರಿಯಾದ ಮೇಲೆ ಬಿಡಬೇಡಿ, ಸುಟ್ಟುಹೋಗುತ್ತವೆ.

ಇನ್ನು ಪಾಚಿ ತಿನ್ನುತ್ತದೆಂದು ಮಾರುವ ಸಕ್ಕರ್ ಮೀನು. ಎರಡಿಂಚು ಇದ್ದಾಗ ಮುದ್ದಾಗಿರುತ್ತದೆ. ಬೆಳೆದರೆ ಒಂದಡಿ ದಾಟುತ್ತದೆ, ಪಾಚಿ ಬಿಟ್ಟು ಕಾಳಿಗೆ ಬರುತ್ತದೆ, ಹೊಲಸನ್ನೂ ಅಷ್ಟೇ ಮಾಡುತ್ತದೆ. ಎರಡು ಅಡಿ ಟ್ಯಾಂಕಿಗೆ ಖಂಡಿತ ಬೇಡ. ಸಾಕಾಯಿತೆಂದು ಅದನ್ನು ಕೆರೆಗೆ ಬಿಡುವುದಂತೂ ಇನ್ನೂ ಕೆಟ್ಟ ಕೆಲಸ.

## ಹಂತ 9: ಏಪ್ರಿಲ್, ಮೇ ಮತ್ತು ಕರೆಂಟು

ಹೊರಗೆ 38 ಡಿಗ್ರಿ ಇದ್ದಾಗ ಟ್ಯಾಂಕು 31, 32ಕ್ಕೆ ಹೋಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಮುಚ್ಚಳ ತೆಗೆದು ಸಣ್ಣ ಫ್ಯಾನನ್ನು ನೀರಿನ ಮೇಲೆ ತಿರುಗಿಸಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ತುಂಡು ಹಾಕಬೇಡಿ.

ಫ್ಯಾನ್ ಇಟ್ಟರೆ ನೀರು ಬೇಗ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಆರ್‌ಓ ನೀರಿನಿಂದ ತುಂಬಿ. ಬೋರಿನ ನೀರಿನಿಂದ ತುಂಬಿದರೆ ಮೇ ಕೊನೆಗೆ ಟಿಡಿಎಸ್ ದುಪ್ಪಟ್ಟಾಗಿರುತ್ತದೆ.

ಕರೆಂಟು ಹೋದಾಗ ಬ್ಯಾಟರಿ ಗಾಳಿ ಪಂಪಿಗೆ ಸ್ಪಂಜು ಫಿಲ್ಟರ್ ಜೋಡಿಸಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದು, ಕೆಲವು ತಾಸು ನಿಂತಿದ್ದರೆ, ಅದರೊಳಗಿನ ಕೊಳೆತ ನೀರನ್ನು ಹೊರಗೆ ಚೆಲ್ಲಿದ ಮೇಲೆಯೇ ಮತ್ತೆ ಶುರು ಮಾಡಿ.

## ಈ ಲಕ್ಷಣ ಕಂಡರೆ ವಾರದ ದಿನಕ್ಕೆ ಕಾಯಬೇಡಿ

ಮೀನೆಲ್ಲ ಮೇಲೆ ಬಂದು ಗಾಳಿ ನುಂಗುತ್ತಿದ್ದರೆ ಮೊದಲು ಗಾಳಿ ಪಂಪ್ ಹಾಕಿ, ಆಮೇಲೆ ಅಮೋನಿಯಾ, ನೈಟ್ರೈಟ್ ನೋಡಿ. ಎರಡರಲ್ಲಿ ಯಾವುದಾದರೂ 0.25 ಪಿಪಿಎಂ ದಾಟಿದ್ದರೆ ಅವತ್ತೇ ಮೂರನೇ ಒಂದು ಭಾಗ ನೀರು ಬದಲಾಯಿಸಿ, ಎರಡು ದಿನ ಕಾಳು ನಿಲ್ಲಿಸಿ. ಬೆಳಿಗ್ಗೆ ಮಾತ್ರ ಹೀಗಾಗಿ ಮಧ್ಯಾಹ್ನಕ್ಕೆ ಸರಿಯಾದರೆ ಆಮ್ಲಜನಕದ ಕೊರತೆ. ಗಿಡಗಳೂ ರಾತ್ರಿ ಆಮ್ಲಜನಕ ಬಳಸುತ್ತವೆ, ರಾತ್ರಿಯಿಡೀ ಪಂಪ್ ಓಡಲಿ. ಬಸವನಹುಳುಗಳೆಲ್ಲ ಒಟ್ಟಿಗೆ ಗಾಜು ಹತ್ತಿ ಮೇಲೆ ಕೂತರೂ ಕಿಟ್ ತೆಗೆಯಿರಿ. ನೀರಿನ ಮೇಲೆ ಎಣ್ಣೆಯಂತೆ ಪದರ ಕಟ್ಟಿದರೆ ಅವಸರವಿಲ್ಲ, ಪೇಪರ್ ಹಾಸಿ ಎತ್ತಿ, ಮೇಲ್ಮೈ ಅಲುಗುವಂತೆ ಮಾಡಿ.

ತೆಗೆದ ನೀರನ್ನು ಗಟಾರಕ್ಕೆ ಚೆಲ್ಲಬೇಡಿ. ಕರಿಬೇವಿಗೆ, ದಾಸವಾಳಕ್ಕೆ ಹಾಕಿ. ಪೆರಾಕ್ಸೈಡ್ ಹಾಕಿದ ದಿನದ್ದು ಮಾತ್ರ ಒಂದು ರಾತ್ರಿ ಬಕೆಟ್ಟಿನಲ್ಲಿಟ್ಟು ಆಮೇಲೆ ಹಾಕಿ.